ಬೇವಿನ ಮೇಜಿಗೆ ಒಂದು ವೈಸ್, ಒಂಬತ್ತು ತೂತು

ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ ಹಿಂದೆ ಒಂದು ತಗಡಿನ ಶೆಡ್ಡಿದೆ. ಅದರೊಳಗೆ ನನ್ನ ಮರಗೆಲಸದ ಮೇಜು. ಜಗಳೂರು ಕಡೆ ನಮ್ಮ ಹಳೇ ಮಣ್ಣಿನ ಮನೆ ಕೆಡವಿದಾಗ ಸಿಕ್ಕ ಬೇವಿನ ತೊಲೆಗಳನ್ನು ಸೀಳಿಸಿ ಮಾಡಿದ್ದು. ಐದಡಿ ಉದ್ದ, ಎರಡಡಿ ಅಗಲ, 60 ಮಿಮೀ ದಪ್ಪ.

ಇಷ್ಟು ಗಟ್ಟಿ ಮೇಜಿದ್ದೂ ಒಂದು ಹಲಗೆಗೆ ಹತ್ತರಿ ಹೊಡೆದು ನುಣುಪು ಮಾಡುವುದು ಕಷ್ಟವಾಗಿತ್ತು. ತಳ್ಳಿದರೆ ಹಲಗೆ ಜಾರುತ್ತದೆ. ಸಿ ಕ್ಲ್ಯಾಂಪ್ ಹಾಕಿದರೆ ಹತ್ತರಿ ಹೋಗಿ ಅದಕ್ಕೇ ಬಡಿಯುತ್ತದೆ. ಒಂದು ದಿನ ಮಗನ ಕೈಲಿ ಹಿಡಿಸಿದೆ. ಬ್ಲೇಡು ಅವನ ಬೆರಳ ಹತ್ತಿರ ಹೋಯಿತು. ಅವತ್ತೇ ವೈಸ್, ಅಂದರೆ ಎರಡು ದವಡೆಗಳ ನಡುವೆ ಮರವನ್ನು ಬಿಗಿದು ಹಿಡಿಯುವ ಸಾಧನ, ತರಬೇಕೆಂದು ತೀರ್ಮಾನಿಸಿದೆ.

ಅಂಗಡಿಯಲ್ಲಿ ಬರೀ ವೈಸ್ ಅಂದರೆ ಫಿಟ್ಟರ್‌ಗಳದ್ದು ಕೊಡುತ್ತಾರೆ. ಅದು ಕಬ್ಬಿಣ ಹಿಡಿಯಲಿಕ್ಕೆ, ಮೇಜಿನ ಮೇಲೆ ಕೂರುವಂಥದ್ದು. ಮರಕ್ಕೆ ಬೇಕಾದದ್ದು ಮೇಜಿನ ಅಡಿಗೆ ಕೂರುವ ಕಾರ್ಪೆಂಟರ್ ವೈಸ್. 7 ಇಂಚು ಅಗಲದ್ದು ತಂದೆ. ಅದು 8 ಇಂಚು ತೆರೆಯುತ್ತದೆ. ಹೊರದವಡೆಯಲ್ಲಿ ಮೇಲಕ್ಕೆ ಎಳೆದು ನಿಲ್ಲಿಸುವ ಒಂದು ಕಬ್ಬಿಣದ ಗೂಟವೂ ಇದೆ.

ಏಪ್ರಿಲ್ ತಿಂಗಳ ಒಂದು ಭಾನುವಾರ. ಬೆಳಗ್ಗೆ ಏಳಕ್ಕೇ ತಗಡು ಕಾಯಲು ಶುರುವಾಗಿತ್ತು. ಮೇಜಿನ ಮುಂಭಾಗದಲ್ಲಿ, ಎಡಗಡೆ, ವೈಸ್ ಜಾಗ ಗುರುತು ಮಾಡಿದೆ. ಹಲಗೆಯ ಇನ್ನೊಂದು ತುದಿಯನ್ನು ತಡೆಯಲು ಗೂಟ ನಿಲ್ಲಿಸುವ ತೂತುಗಳಿಗೆ ಮೇಜಿನ ಉದ್ದಕ್ಕೂ ಗೆರೆ ಹಾಕಿದೆ. ಅಷ್ಟರಲ್ಲಿ ಪಕ್ಕದ ಬೀದಿಯ ಆಚಾರ್ ಅಜ್ಜ ಬಂದರು. ಎಪ್ಪತ್ತು ದಾಟಿದ ಬಡಗಿ. ಈಗ ಕೆಲಸ ಬಿಟ್ಟಿದ್ದಾರೆ. ಗೆರೆ ನೋಡಿದರು, ವೈಸ್ ನೋಡಿದರು.

"ಇದು ಯಾವ ಕಡಿಗೆ ಬಿಗೀತೈತಪ್ಪ?"

"ಹಿಂದಕ್ಕೆ, ಅಜ್ಜ."

"ಮತ್ತೆ ಗೂಟ ಆ ಕಡಿಗೆ ಯಾಕೆ ಹೊಂಟಾವು?"

ಸುಮ್ನೆ ನಿಂತುಬಿಟ್ಟೆ. ಹೌದಲ್ವಾ! ಮುಂಭಾಗದ ವೈಸ್ ಮೇಜಿನ ಅಗಲಕ್ಕೆ ಬಿಗಿಯುತ್ತದೆ. ಗೂಟಗಳು ಉದ್ದಕ್ಕೆ ಇದ್ದರೆ ವೈಸಿಗೂ ಅವಕ್ಕೂ ಸಂಬಂಧವೇ ಇರುವುದಿಲ್ಲ. ಎರಡೂ ಒಂದೇ ಸಾಲಿನಲ್ಲಿ ಎದುರುಬದುರು ನಿಲ್ಲಬೇಕು. ನನ್ನ ಕೆಲಸ ಜಾಸ್ತಿ ಉದ್ದ ಹಲಗೆಗಳದ್ದೇ. ಹಾಗಾಗಿ ವೈಸನ್ನು ಬಲತುದಿಗೆ ಹಾಕುವುದೆಂದಾಯಿತು. ನಾನು ಬಲಗೈಯವನು, ಬಲದಿಂದ ಎಡಕ್ಕೆ ಹತ್ತರಿ ತಳ್ಳುತ್ತೇನೆ. ಆ ಒತ್ತಡವನ್ನೆಲ್ಲ ಎಡಗಡೆಯ ಗೂಟ ತಡೆದುಕೊಳ್ಳುತ್ತದೆ. ವೈಸ್ ಬರೀ ಹಿಂದಿನಿಂದ ಅದುಮಿ ಹಿಡಿದರೆ ಸಾಕು.

ಬಲತುದಿಯ ಅಡ್ಡಪಟ್ಟಿ ವೈಸ್‌ನ ರಾಡುಗಳಿಗೆ ಅಡ್ಡ ಬಂತು. ಉಳಿ, ಕೊಡತಿ ಹಿಡಿದು ಅಷ್ಟು ಜಾಗ ಬಿಡಿಸಿದೆ. ಒಳದವಡೆ ಮೇಜಿನ ಅಂಚಿಗೆ ಸಮ ಕೂರಲು ಅಂಚಿನಲ್ಲೂ ತಗ್ಗು ಕೊಚ್ಚಿದೆ. ಇಷ್ಟಕ್ಕೇ ಮಧ್ಯಾಹ್ನ ಆಯಿತು. ವೈಸ್ ಭಾರ ಇತ್ತು. ಒಬ್ಬನೇ ಮೇಲೆತ್ತಿ ಹಿಡಿದು ಸ್ಕ್ರೂ ಹಾಕಲು ಆಗುವುದಿಲ್ಲ. ಎದುರು ಮನೆಯವರ ಕಾರಿನ ಜಾಕ್ ತಂದು ಇಟ್ಟಿಗೆ ಮೇಲೆ ಇಟ್ಟೆ. ಹ್ಯಾಂಡಲ್ ತಿರುವಿದಂತೆ ವೈಸ್ ಕೂದಲೆಳೆಯಷ್ಟೇ ಮೇಲೇರಿ ತನ್ನ ಜಾಗಕ್ಕೆ ಬಂದು ಕೂತಿತು. ಕಬ್ಬಿಣದ ಮೇಲಂಚು ಮೇಜಿನಿಂದ ಅರ್ಧ ಇಂಚು ಕೆಳಗೇ ಇರುವಂತೆ ಪ್ಯಾಕಿಂಗ್ ಪಟ್ಟಿ ಕೊಟ್ಟಿದ್ದೆ. ಇಲ್ಲದಿದ್ದರೆ ಹತ್ತರಿಯ ಬ್ಲೇಡು ಒಂದಲ್ಲ ಒಂದು ದಿನ ಅದಕ್ಕೆ ತಾಗಿ ಹಾಳಾಗುತ್ತದೆ. ಬೇವು ಒಣಗಿ ಕಲ್ಲಾಗಿತ್ತು. ಕೋಚ್ ಸ್ಕ್ರೂ ಎಂಬ ದಪ್ಪ ಸ್ಕ್ರೂಗಳಿಗೆ ಮೊದಲೇ ಸಣ್ಣ ತೂತು ಕೊರೆದು, ಸೋಪು ಸವರಿ ಬಿಗಿದೆ.

ಆಮೇಲೆ ತೂತುಗಳು. ಮುಂದಿನ ಅಂಚಿನಿಂದ 8 ಇಂಚು ಒಳಗೆ, ವೈಸ್‌ನ ಗೂಟದ ನೇರಕ್ಕೆ ಗೆರೆ. ವೈಸ್‌ನ ಮೈ ದಾಟಿದ ಮೇಲೆ, 4 ಇಂಚಿಗೊಂದರಂತೆ ಒಂಬತ್ತು. ತೂತುಗಳ ನಡುವಿನ ಅಂತರ ವೈಸ್ ತೆರೆಯುವುದಕ್ಕಿಂತ ಕಡಿಮೆ ಇರಲೇಬೇಕು. ಇಲ್ಲದಿದ್ದರೆ ಕೆಲವು ಉದ್ದದ ಹಲಗೆಗಳು ಯಾವ ತೂತಿಗೂ ಹೊಂದುವುದಿಲ್ಲ.

ಮೊದಲ ತೂತನ್ನು ಕೈಅಂದಾಜಿನಲ್ಲಿ ಕೊರೆದೆ. 20 ಮಿಮೀ ಡ್ರಿಲ್ ಬಿಟ್ ಹಾಕಿ. ಓರೆಯಾಯಿತು. ಕೆಳಗೆ ಮರ ಸಿಬಿರೆದ್ದು ಹೋಯಿತು. ನಮ್ಮ ಅಜ್ಜಿ ಮನೆಯ ತೊಲೆ ಅದು. ಬಹಳ ಬೇಜಾರಾಯಿತು. ಡ್ರಿಲ್ ಪಕ್ಕಕ್ಕಿಟ್ಟೆ. ಮಾರನೇ ದಿನ ವೆಲ್ಡಿಂಗ್ ಶಾಪಿಗೆ ಹೋಗಿ, ಅವರ ನಿಲ್ಲುವ ಡ್ರಿಲ್ಲಿಂಗ್ ಮಷೀನಿನಲ್ಲಿ ಎರಡಿಂಚು ದಪ್ಪದ ತುಂಡಿಗೆ ನೆಟ್ಟಗೆ ಒಂದು ತೂತು ಹಾಕಿಸಿಕೊಂಡು ಬಂದೆ. ಅದನ್ನು ಗೆರೆ ಮೇಲೆ ಕ್ಲ್ಯಾಂಪ್ ಮಾಡಿ ಅದರೊಳಗಿಂದ ಕೊರೆದರೆ ಬಿಟ್ ಅತ್ತಿತ್ತ ಅಲುಗುವುದಿಲ್ಲ. ಬಿಟ್ಟಿನ ಮೊನೆ ಕೆಳಗೆ ಇಣುಕಿದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಕೊರೆದೆ. ಒಂದೂ ಸಿಬಿರೇಳಲಿಲ್ಲ. ಓರೆಯಾದ ತೂತಿಗೆ ಅಂಟು ಹಚ್ಚಿ ಬೇವಿನದೇ ಗುಂಡು ಕಡ್ಡಿ ಬಡಿದು, ಒಣಗಿದ ಮೇಲೆ ಮತ್ತೆ ನೆಟ್ಟಗೆ ಕೊರೆದೆ.

ಗೂಟಗಳನ್ನು ಗುದ್ದಲಿ ಕಾವಿನಿಂದ ಮಾಡಿದೆ. ತಲೆಯ ಒಂದು ಪಕ್ಕ ಚಪ್ಪಟೆ ಮಾಡಿ, ಹಲಗೆ ಕಡೆ ಸ್ವಲ್ಪವೇ ಬಾಗಿಸಿದೆ. ಆಗ ಹಲಗೆ ಮೇಲಕ್ಕೇಳದೆ ಕೆಳಕ್ಕೆ ಅದುಮಿಕೊಳ್ಳುತ್ತದೆ.

ಸಂಜೆ ಅಜ್ಜನಿಗೆ ಮಂಡಕ್ಕಿ ಮಿರ್ಚಿ ತಂದಿದ್ದೆ. ಅವರು ತಿನ್ನದೆ ಮೇಜಿನ ಹತ್ತಿರವೇ ನಿಂತಿದ್ದರು. ಅವರೆಲ್ಲ ನೆಲದ ಮೇಲೆ ಕೂತು, ಕಾಲಲ್ಲಿ ಮರ ಒತ್ತಿ ಹಿಡಿದು ಕೆಲಸ ಮಾಡಿದವರು. ಮಂಡಿ ನೋವು ಬಂದ ಮೇಲೆ ಕೂರಲಾಗದೆ ಹತ್ತರಿ ಬಿಟ್ಟವರು. ನಾನು ಹಳೇ ಮನೆಯ ಬಾಗಿಲಿನ ಒಂದು ಹಲಗೆಯನ್ನು ಗೂಟಕ್ಕೆ ಆನಿಸಿ ವೈಸ್ ಬಿಗಿದೆ. ಅವರು ಅಂಗೈಯಿಂದ ತಳ್ಳಿ ನೋಡಿದರು. ಅಲುಗಲಿಲ್ಲ. "ತಾ ಇಲ್ಲಿ" ಎಂದು ಹತ್ತರಿ ಇಸಕೊಂಡರು. ನಿಂತೇ ಈ ತುದಿಯಿಂದ ಆ ತುದಿಗೆ ಒಂದೇ ಎಳೆಯಲ್ಲಿ ತಳ್ಳಿದರು. ಸಿಪ್ಪೆ ಸುರುಳಿಯಾಗಿ ಅವರ ಮಣಿಕಟ್ಟಿನ ಮೇಲೆ ಬಿತ್ತು. ಮತ್ತೆ ತಳ್ಳಿದರು. ನಾನು ಬೇಡ ಅನ್ನಲಿಲ್ಲ. ಇಡೀ ಹಲಗೆ ಮುಗಿಸಿದರು.

ಜೂನ್‌ನಲ್ಲಿ ಮಳೆ ಹಿಡಿದಾಗ ಗೂಟಗಳು ಉಬ್ಬಿ ತೂತಿನಲ್ಲೇ ಸಿಕ್ಕಿಕೊಂಡವು. ಕೆಳಗಿನಿಂದ ಬಡಿದು ತೆಗೆದು, ಉಪ್ಪುಕಾಗದ ತಿಕ್ಕಿ ಒಂಚೂರು ಸಡಿಲ ಮಾಡಿದೆ. ಆ ಕೆಲಸಕ್ಕೂ ಅಜ್ಜ ಬಂದಿದ್ದರು. ಬಗಲಲ್ಲಿ ಅವರ ಮನೆ ಕಿಟಕಿಯದೊಂದು ಪಟ್ಟಿ ಇತ್ತು.