ಪಂಪು ಯಾವ ಗಂಟೆಗೆ ಓಡಬೇಕು?

ಬೆಂಗಳೂರಿನ ಕಾವೇರಿ ನೀರು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರುತ್ತದೆ. ಸಾವಿರ ಲೀಟರನ್ನು ಅಷ್ಟು ಎತ್ತರಕ್ಕೆ ಏರಿಸಲು ಕನಿಷ್ಠ 1.36 ಯೂನಿಟ್ ವಿದ್ಯುತ್ ಬೇಕು. ಪಂಪು, ಮೋಟಾರುಗಳ ಒಟ್ಟು ದಕ್ಷತೆ ಶೇ 75 ಇದ್ದರೆ 1.8. ಕೊಳವೆಯ ಘರ್ಷಣೆ ಬೇರೆ. ವಿದ್ಯುತ್ ದರ ಹೊತ್ತಿಗೆ ತಕ್ಕಂತೆ ಬದಲಾಗುವಾಗ, ಪಂಪು ಓಡಿಸುವ ಗಂಟೆಗಳನ್ನು ಲೆಕ್ಕ ಹಾಕಿ ಆರಿಸಿದರೆ ಬಿಲ್ಲು ಇಳಿಯುತ್ತದೆ. ಆದರೆ ಹೀಗೆ ಹಗಲಿರುಳೂ ಓಡಲೇಬೇಕಾದ ಪಂಪಿಗೆ ವೇಳಾಪಟ್ಟಿ ಹಾಕಿ ಉಳಿಸುವುದು ಅಷ್ಟಕ್ಕಷ್ಟೇ. ಈ ಲೆಕ್ಕ ಫಲ ಕೊಡುವುದು ಬಡಾವಣೆಯ ನೆಲಮಟ್ಟದ ಜಲಾಗಾರದಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಕಡೆ.

ಒಂದು ಮಾದರಿ: 10 ಲಕ್ಷ ಲೀಟರ್ ಟ್ಯಾಂಕು, ದಿನಕ್ಕೆ 24 ಲಕ್ಷ ಲೀಟರ್ ಬಳಕೆ, ಎರಡು ಪಂಪು. ಒಂದೇ ಓಡಿದರೆ ಗಂಟೆಗೆ 1.2 ಲಕ್ಷ. ಎರಡೂ ಓಡಿದರೆ 2.4 ಬರುವುದಿಲ್ಲ, ಕೊಳವೆ ಒಂದೇ ಆದ್ದರಿಂದ ಘರ್ಷಣೆ ಏರಿ 2 ಲಕ್ಷಕ್ಕೆ ನಿಲ್ಲುತ್ತದೆ ಎನ್ನಿ. ಹಾಗಾಗಿ ಪಂಪಿಗೊಂದು ಚರಾಕ್ಷರ ಇಡಬೇಡಿ. ಗಂಟೆಗಂಟೆಗೂ ‘ಒಂದು’, ‘ಎರಡು’ ಪಂಪು ಓಡುವ ಸ್ಥಿತಿಗಳಿಗೆ 0 ಅಥವಾ 1 ಇಡಿ (ಆ ಸ್ಥಿತಿ ಇದ್ದರೆ 1, ಇಲ್ಲದಿದ್ದರೆ 0), ಎರಡರ ಮೊತ್ತ 1 ಮೀರಬಾರದು. ಒಟ್ಟು 48 ಚರಾಕ್ಷರ. ಪ್ರತಿ ಸ್ಥಿತಿಯ ಹರಿವು, ಯೂನಿಟ್ಟುಗಳನ್ನು ಸ್ಥಳದಲ್ಲೇ ಅಳೆದು ತನ್ನಿ. ಪಂಪಿನ ಮೇಲಿನ ನಾಮಫಲಕವನ್ನು ನಂಬಬೇಡಿ. ಇಂಥ ಲೆಕ್ಕವನ್ನು ಬರೆಯಲು ನೆರವಾಗುವ ಪೈಥಾನ್‌ನ ಪಲ್ಪ್ (PuLP) ಮತ್ತು ನಿರ್ಬಂಧಗಳೊಳಗೆ ಅತಿ ಕಡಿಮೆ ವೆಚ್ಚದ ಉತ್ತರ ಹುಡುಕುವ ಉಚಿತ ತಂತ್ರಾಂಶವಾದ ಸಿಬಿಸಿ (CBC) ಸಾಲ್ವರ್‌ಗೆ ಇದು ಹಗುರ ಕೆಲಸ.

ನೀರಿನ ಮಟ್ಟ 2 ಲಕ್ಷಕ್ಕಿಂತ ಇಳಿಯಬಾರದು, 9.5 ಲಕ್ಷ ದಾಟಬಾರದು. ಸಂಜೆ 6ರಿಂದ 10ರವರೆಗೆ ದುಬಾರಿ ದರ, ಬಳಕೆ 6 ಲಕ್ಷ ಎಂದಾದರೆ, 6 ಗಂಟೆಗೆ 8 ಲಕ್ಷ ಇದ್ದರೆ ಸಾಕು, ಪಂಪು ಮುಟ್ಟಬೇಕಿಲ್ಲ. ಅಗ್ಗದ ರಾತ್ರಿಯಲ್ಲೇ ಎಲ್ಲವನ್ನೂ ತುಂಬೋಣ ಎಂದರೆ ಟ್ಯಾಂಕೇ ಸಾಲದು.

ಎಲ್ಲರೂ ಮರೆಯುವ ನಿರ್ಬಂಧ ಒಂದಿದೆ: ದಿನದ ಕೊನೆಯ ಮಟ್ಟ ಆರಂಭದ ಮಟ್ಟಕ್ಕಿಂತ ಕಡಿಮೆ ಇರಬಾರದು. ಇದನ್ನು ಬಿಟ್ಟರೆ ಸಾಲ್ವರ್ ಟ್ಯಾಂಕು ಬರಿದು ಮಾಡಿ ಭಾರಿ ಉಳಿತಾಯ ತೋರಿಸುತ್ತದೆ, ನಾಳೆಯ ನೀರನ್ನು ಇಂದೇ ಖರ್ಚು ಮಾಡಿ. ಶುರು ಮಾಡಿದ ಪಂಪು ಕನಿಷ್ಠ 2 ಗಂಟೆ ಓಡಲಿ. ಪದೇ ಪದೇ ಆನ್-ಆಫ್ ಆದರೆ ಮೋಟಾರಿನ ಸುರುಳಿ ಬಿಸಿಯಾಗುತ್ತದೆ, ಕೊಳವೆಯಲ್ಲಿ ನೀರು ಬಡಿಯುತ್ತದೆ. ಎರಡೂ ಪಂಪು ಒಟ್ಟಿಗೆ ಓಡಿದರೆ ಗರಿಷ್ಠ ಕೆವಿಎ (ಒಮ್ಮೆಗೆ ಸೆಳೆಯುವ ವಿದ್ಯುತ್ತಿನ ಅಳತೆ) ಏರುತ್ತದೆ, ಡಿಮ್ಯಾಂಡ್ ಶುಲ್ಕವಾಗಿ ಅದರ ಹೊರೆ ಇಡೀ ತಿಂಗಳ ಬಿಲ್ಲಿಗೆ. ಅದನ್ನೂ ವೆಚ್ಚದ ಸಾಲಿಗೆ ಸೇರಿಸಿ.

ನಿಜವಾದ ತೊಡಕು ಬಳಕೆಯ ಅಂಕಿಯಲ್ಲಿದೆ. ದಿನ ಬಿಟ್ಟು ದಿನ ನೀರು ಬಿಡುವ ಊರಲ್ಲಿ ಮೀಟರು ತೋರಿಸುವುದು ಜನರ ಅಗತ್ಯವನ್ನಲ್ಲ, ವಾಲ್ವ್‌ಮನ್ ವಾಲ್ವ್ ತೆರೆದ ಹೊತ್ತನ್ನು. ಜೊತೆಗೆ ಸೋರಿಕೆ. ಆದ್ದರಿಂದ ಬೆಳಿಗ್ಗೆ ಹಾಕಿದ ಪಟ್ಟಿಗೆ ಜೋತು ಬೀಳದೆ, ಗಂಟೆಗೊಮ್ಮೆ ಟ್ಯಾಂಕಿನ ನಿಜ ಮಟ್ಟ ಓದಿ ಮುಂದಿನ 24 ಗಂಟೆಗೆ ಮತ್ತೆ ಲೆಕ್ಕ ಹಾಕಿಸಿ. ಬಂದ ಪಟ್ಟಿಯನ್ನು ಕೊಳವೆ ಜಾಲದ ಹರಿವು, ಒತ್ತಡಗಳನ್ನು ಲೆಕ್ಕ ಹಾಕುವ ಇಪಾನೆಟ್ (EPANET) ತಂತ್ರಾಂಶದಲ್ಲಿ ಓಡಿಸಿ, ಬಡಾವಣೆಯ ಎತ್ತರದ ಬೀದಿಗೆ ಒತ್ತಡ ಸಿಗುತ್ತದೆಯೇ ನೋಡಿ. ಕೊನೆಗೆ ಟ್ಯಾಂಕಿನ ಮೇಲ್ಮಿತಿಯನ್ನು 1 ಲಕ್ಷ ಏರಿಸಿ ಇನ್ನೊಮ್ಮೆ ಓಡಿಸಿದರೆ, ಹೊಸ ಟ್ಯಾಂಕು ಕಟ್ಟಿಸುವುದು ಲಾಭವೋ ಅಲ್ಲವೋ ಎಂಬ ಪ್ರಶ್ನೆಗೂ ರೂಪಾಯಿ ಲೆಕ್ಕದಲ್ಲೇ ಉತ್ತರ ಸಿಗುತ್ತದೆ.