ರಾತ್ರಿಯ ಮಾತ್ರೆಗಳು

ಮುಂಬಯಿಯ ಮಾಟುಂಗಾದಲ್ಲಿ ನಾನು ಹಿರಿಯರಿಗಾಗಿ ಒಂದು ಸಣ್ಣ ಡೇ ಕೇರ್ ನಡೆಸುತ್ತಿದ್ದೇನೆ. ಹಳೆಯ ಕಟ್ಟಡದ ನೆಲಮಹಡಿಯಲ್ಲಿ ಒಂದು ಹಜಾರ, ಎರಡು ಕೋಣೆ, ಒಂದು ಅಡುಗೆಮನೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದರೆ ಸಂಜೆ ಆರಕ್ಕೆ ಮುಚ್ಚುತ್ತೇವೆ. ಬರುವವರಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಎಳೆಯ ವಯಸ್ಸಿನಲ್ಲೇ ಈ ನಗರಕ್ಕೆ ಬಂದು ಹೋಟೆಲು, ಬ್ಯಾಂಕು, ಬಟ್ಟೆ ಗಿರಣಿ ಮತ್ತು ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ದುಡಿದವರು. ಮಗ, ಸೊಸೆ ಇಬ್ಬರೂ ಲೋಕಲ್ ಹಿಡಿದು ಕೆಲಸಕ್ಕೆ ಹೋಗಲೇಬೇಕಾದ ಮನೆಯಲ್ಲಿ ಮರೆವಿನ ಕಾಯಿಲೆಯವರನ್ನು ಹಗಲಿಡೀ ಒಂಟಿಯಾಗಿ ಬಿಡುವುದು ಅಪಾಯದ ಮಾತು. ಅಂಥ ಕುಟುಂಬದವರನ್ನು ಹೆತ್ತವರ ಭಾರ ಇಳಿಸಿಕೊಂಡವರು ಎಂದು ಆಡಿಕೊಳ್ಳುವವರ ಮಾತನ್ನು ನಾನು ಎಂದೂ ಒಪ್ಪಿದವಳಲ್ಲ.

2017ರ ಆಗಸ್ಟ್ 29ರ ಮಂಗಳವಾರ ಬೆಳಿಗ್ಗೆಯಿಂದಲೇ ಮಳೆ ಜೋರಾಗಿತ್ತು. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಕಿಂಗ್ಸ್ ಸರ್ಕಲ್‌ನಲ್ಲಿ ನೀರು ನಿಂತಿತ್ತು; ಸ್ವಲ್ಪ ಹೊತ್ತಿನಲ್ಲಿ ಲೋಕಲ್ ರೈಲುಗಳೂ ನಿಂತವೆಂಬ ಸುದ್ದಿ ಬಂತು. ಆ ಒಂದು ದಿನ ಸಾಂತಾಕ್ರೂಜ್‌ನಲ್ಲಿ 300 ಮಿಲಿಮೀಟರಿಗೂ ಹೆಚ್ಚು ಮಳೆಯಾಯಿತು. 2005ರ ಜುಲೈ 26ರಂದು ಅಲ್ಲಿಯೇ 944 ಮಿಲಿಮೀಟರ್ ಸುರಿದದ್ದನ್ನು ಕಂಡಿದ್ದ ಮನೆಯವರಿಗೆ ಅಷ್ಟೇ ಸಾಕಿತ್ತು. ಫೋನಿನ ಮೇಲೆ ಫೋನು ಬರತೊಡಗಿತು. ಹತ್ತಿರದಲ್ಲಿದ್ದ ಇಬ್ಬರು ಮಕ್ಕಳು ನಡೆದು ಬಂದು ತಮ್ಮವರನ್ನು ಕರೆದುಕೊಂಡು ಹೋದರು. ಉಳಿದ ಎಂಟು ಮಂದಿಯ ಮಕ್ಕಳು ಅಂಧೇರಿ, ಕುರ್ಲಾ, ನರಿಮನ್ ಪಾಯಿಂಟ್ ಎಂದು ಎಲ್ಲೆಲ್ಲೋ ಸಿಕ್ಕಿಕೊಂಡಿದ್ದರು. ನೀವು ಎಲ್ಲಿದ್ದೀರೋ ಅಲ್ಲೇ ಇರಿ, ಇವರು ಇಂದು ರಾತ್ರಿ ನಮ್ಮಲ್ಲೇ ಮಲಗುತ್ತಾರೆ ಎಂದು ಒಬ್ಬೊಬ್ಬರಿಗೂ ಹೇಳಿದೆ.

ಮಲಗುವ ವ್ಯವಸ್ಥೆಯ ಬಗ್ಗೆ ನನಗೆ ಹೆಚ್ಚು ಚಿಂತೆ ಇರಲಿಲ್ಲ. ಮೇಲಿನ ಮನೆಗಳವರು ಹಾಸಿಗೆ, ಹೊದಿಕೆ ಕೊಟ್ಟರು. ಪಕ್ಕದ ಗಣೇಶೋತ್ಸವ ಮಂಡಳದ ಹುಡುಗರು ಮಡಚುವ ಮಂಚಗಳನ್ನು ತಲೆಯ ಮೇಲೆ ಹೊತ್ತು ತಂದರು. ಬೀದಿಯ ತುದಿಯ ಉಡುಪಿ ಹೋಟೆಲಿನಿಂದ ಅನ್ನ, ಸಾರು, ಇಡ್ಲಿ ಬಂತು. ಇಕ್ಕಟ್ಟಾದದ್ದು ಔಷಧಿಯ ವಿಷಯದಲ್ಲಿ. ಡೇ ಕೇರ್‌ಗೆ ಬರುವವರ ಚೀಲದಲ್ಲಿ ಮನೆಯವರು ಮಧ್ಯಾಹ್ನದ ಮಾತ್ರೆಗಳನ್ನಷ್ಟೇ ಇಟ್ಟಿರುತ್ತಾರೆ, ರಾತ್ರಿಯವು ಮನೆಯಲ್ಲೇ ಉಳಿದಿರುತ್ತವೆ. ನಮ್ಮಲ್ಲಿದ್ದ ಒಬ್ಬ ಅಜ್ಜನಿಗೆ ಪಾರ್ಕಿನ್ಸನ್ ಕಾಯಿಲೆ. ಲೆವೊಡೋಪಾ ಮಾತ್ರೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗದಿದ್ದರೆ ಅವರ ಮೈ ಬಿಗಿದು, ಕುರ್ಚಿಯಿಂದ ಏಳುವುದಿರಲಿ, ಬಾಯಿಗಿಟ್ಟ ತುತ್ತನ್ನು ನುಂಗುವುದೂ ಕಷ್ಟವಾಗುತ್ತದೆ. ಇಬ್ಬರಿಗೆ ರಾತ್ರಿ ಊಟಕ್ಕೆ ಮೊದಲು ಇನ್ಸುಲಿನ್ ಬೇಕಿತ್ತು. ಎಲ್ಲರ ವೈದ್ಯರ ಚೀಟಿಯ ಪ್ರತಿಯೂ ನಮ್ಮ ಫೈಲಿನಲ್ಲಿ ಇದ್ದುದರಿಂದ ಅವುಗಳ ಫೋಟೊ ತೆಗೆದು ಪರಿಚಯದ ಮೆಡಿಕಲ್ ಅಂಗಡಿಯವರಿಗೆ ಕಳುಹಿಸಿದೆ. ಅವರು ಮೊಣಕಾಲುದ್ದದ ನೀರಿನಲ್ಲಿ ನಡೆದು ಬಂದು, ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಸುತ್ತಿದ ಪೊಟ್ಟಣವನ್ನು ನನ್ನ ಕೈಗಿತ್ತು, ಹಣವನ್ನು ಆಮೇಲೆ ನೋಡೋಣ ಎಂದು ಹೊರಟೇ ಬಿಟ್ಟರು. ಇನ್ಸುಲಿನ್ ಕೊಟ್ಟ ಮೇಲೆ ಊಟ ತಡವಾದರೆ ಸಕ್ಕರೆ ದಿಢೀರನೆ ಇಳಿದೀತು. ಆದ್ದರಿಂದ ಹೋಟೆಲಿನ ಡಬ್ಬಿ ಕಣ್ಣೆದುರಿಗೆ ಬಂದು, ತಟ್ಟೆ ಬಡಿಸಿದ ಮೇಲಷ್ಟೇ, ಗ್ಲುಕೋಮೀಟರಿನಲ್ಲಿ ನೋಡಿಕೊಂಡು, ವೈದ್ಯರನ್ನು ಫೋನಿನಲ್ಲಿ ಕೇಳಿಕೊಂಡು ಚುಚ್ಚಿದೆವು.

ಮರೆವಿನ ಕಾಯಿಲೆಯವರಿಗೆ ಹೊತ್ತು ಇಳಿಯುವಾಗಲೇ ತಳಮಳ ಹೆಚ್ಚು. ಸಾಮಾನ್ಯವಾಗಿ ಆ ಹೊತ್ತಿಗೆ ಅವರು ಮನೆಯ ದಾರಿಯಲ್ಲಿರುತ್ತಾರೆ. ಅಂದು ಕರೆಂಟೂ ಹೋಯಿತು. ಎಮರ್ಜೆನ್ಸಿ ದೀಪವನ್ನು ನೆಲದ ಮೇಲಿಟ್ಟಾಗ ಗೋಡೆಯ ಮೇಲೆ ಉದ್ದುದ್ದ ನೆರಳು ಬಿದ್ದು, ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಹಿರಿಯರೊಬ್ಬರು ಯಾರೋ ಒಳಗೆ ನುಗ್ಗಿದ್ದಾರೆಂದು ಕೂಗತೊಡಗಿದರು. ದೀಪವನ್ನು ಕಪಾಟಿನ ಮೇಲಕ್ಕೇರಿಸಿ, ಬೆಳಕು ಚಾವಣಿಗೆ ಬಿದ್ದು ಕೆಳಗೆ ಹರಡುವಂತೆ ತಿರುಗಿಸಿದ ಮೇಲೆ ನೆರಳುಗಳು ತೆಳುವಾದವು, ಅವರೂ ಸುಮ್ಮನಾದರು.

ನಿವೃತ್ತ ಶಿಕ್ಷಕಿಯೊಬ್ಬರು ಮಾತ್ರ ಬಾಗಿಲ ಬಳಿ ಹೋಗಿ ನಿಂತವರು ಕದಲಲಿಲ್ಲ. ಹೊರಗೆ ನೀರು ಎರಡನೆಯ ಮೆಟ್ಟಿಲನ್ನು ಮುಟ್ಟಿತ್ತು.

"ಟೀಚರಮ್ಮ, ಒಳಗೆ ಬನ್ನಿ, ಊಟ ಮಾಡೋಣ" ಎಂದೆ.

"ಶಾಲೆ ಬಿಟ್ಟು ಎಷ್ಟು ಹೊತ್ತಾಯಿತು! ಮಕ್ಕಳನ್ನು ಕರೆದುಕೊಂಡು ಹೋಗಲು ಯಾರೂ ಬಂದಿಲ್ಲವಲ್ಲ. ಇಂಥ ಮಳೆಯಲ್ಲಿ ಅವರನ್ನು ಬಿಟ್ಟು ನಾನು ಹೇಗೆ ಬರಲಿ?" ಎಂದರು.

ಶಾಲೆಯೂ ಇಲ್ಲ, ಮಕ್ಕಳೂ ಇಲ್ಲ ಎಂದು ತಿದ್ದಿದ್ದರೆ ಅವರ ಹೆದರಿಕೆ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಎಲ್ಲರನ್ನೂ ಒಳಗೆ ಕೂರಿಸಿದ್ದೇವೆ, ಒಮ್ಮೆ ಹಾಜರಿ ಹಾಕಿಬಿಡಿ ಎಂದು ನಮ್ಮ ರಿಜಿಸ್ಟರನ್ನೇ ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು, ಒಂದೊಂದು ಹೆಸರನ್ನೂ ಓದಿ, ಎದುರಿನವರು ಕೈ ಎತ್ತುವ ತನಕ ಕಾದು, ಪುಟದ ಕೊನೆಯಲ್ಲಿ ಸಹಿ ಹಾಕಿ ಊಟಕ್ಕೆ ಕುಳಿತರು.

ಆ ರಾತ್ರಿಯನ್ನು ದಾಟಿಸಿದವರು ನಮ್ಮ ಇಬ್ಬರು ಮಾವಶಿಯರು, ಅಂದರೆ ಹಿರಿಯರನ್ನು ನೋಡಿಕೊಳ್ಳುವ ಆಯಾಗಳು. ಒಬ್ಬರ ಮನೆ ಧಾರಾವಿಯಲ್ಲಿ, ಇನ್ನೊಬ್ಬರದು ಮಾನಖುರ್ದಿನಲ್ಲಿ. ಇಬ್ಬರ ಮನೆಯಲ್ಲೂ ಮಕ್ಕಳಿದ್ದರು, ನೀರೂ ನುಗ್ಗಿತ್ತು. ನೆರೆಯವರಿಗೆ ಫೋನು ಮಾಡಿ ಮಕ್ಕಳನ್ನು ಒಪ್ಪಿಸಿ, ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತರು. ಒದ್ದೆ ನೆಲಕ್ಕೆ ಗೋಣಿಚೀಲ ಹಾಸುವುದು ಎಲ್ಲ ಕಡೆಯ ರೂಢಿ, ಆದರೆ ಕಾಲೆಳೆದು ನಡೆಯುವವರು ಅದರ ಅಂಚಿಗೇ ಎಡವಿ ಬೀಳುತ್ತಾರೆ. ಆದ್ದರಿಂದ ಅವರು ಪ್ರತಿ ಸಲವೂ ನೆಲ ಒರೆಸಿದರು, ಪಾಯಖಾನೆಗೆ ಹೋಗುವ ಒಬ್ಬೊಬ್ಬರ ಜೊತೆಗೂ ಎದ್ದು ನಡೆದರು. ಯಾರೂ ಬೀಳಲಿಲ್ಲ. ಮರುದಿನ ರೈಲು ಮೆಲ್ಲಗೆ ಓಡತೊಡಗಿದ ಮೇಲೆ ಮನೆಯವರು ಬಂದು ಒಬ್ಬೊಬ್ಬರನ್ನಾಗಿ ಕರೆದುಕೊಂಡು ಹೋದರು.

ಈ ಉದ್ಯೋಗಕ್ಕೆ ಕೈಹಾಕುವವರು ಟಿವಿ, ಸೋಫಾ, ಗೋಡೆಯ ಬಣ್ಣ ಎಂದು ಮೊದಲು ಲೆಕ್ಕ ಹಾಕುವುದನ್ನು ನಾನು ಕಂಡಿದ್ದೇನೆ. ಮಾವಶಿಯರ ಪಗಾರವನ್ನು ಮೊದಲು ಬರೆದು, ಮಿಕ್ಕದ್ದರಲ್ಲಿ ಉಳಿದೆಲ್ಲವನ್ನೂ ಹೊಂದಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ರಾತ್ರಿ ನಿಲ್ಲಬೇಕಾಗಿ ಬಂದರೆ ಇಮ್ಮಡಿ ಸಂಬಳ ಎಂಬುದನ್ನು ಈಗ ಅವರಿಗೆ ಲಿಖಿತವಾಗಿಯೇ ಕೊಟ್ಟಿದ್ದೇನೆ. ಮನೆಯವರಿಗೂ ಒಂದು ನಿಯಮವಿದೆ: ಮಳೆಗಾಲಕ್ಕೆ ಮೊದಲು, ಎರಡು ರಾತ್ರಿಗಳಿಗೆ ಸಾಕಾಗುವಷ್ಟು ಮಾತ್ರೆ, ಡೈಪರ್, ಒಂದು ಜೊತೆ ಬಟ್ಟೆ ಮತ್ತು ವೈದ್ಯರ ಹೊಸ ಚೀಟಿ ಇರುವ ಚೀಲವನ್ನು ನಮ್ಮಲ್ಲಿ ತಂದಿಡಬೇಕು, ಇನ್ಸುಲಿನ್ ನಮ್ಮ ಫ್ರಿಜ್ಜಿನಲ್ಲಿರುತ್ತದೆ. ಮೇ ಕೊನೆಯಲ್ಲಿ ಮಾವಶಿಯರೇ ಒಂದೊಂದು ಚೀಲವನ್ನೂ ಬಿಚ್ಚಿ, ಮಾತ್ರೆಗಳ ಅವಧಿ ಮುಗಿಯುವ ತಾರೀಖನ್ನು ನೋಡಿ, ಹೆಸರಿನ ಚೀಟಿ ಅಂಟಿಸುತ್ತಾರೆ. ಚೀಲ ಬಾರದವರ ಮನೆಗೆ ನಾನೇ ಫೋನು ಮಾಡುತ್ತೇನೆ.