ಗ್ರಾಫಿಕ್ಸ್ ಕಾರ್ಡ್ ಕೊನೆಗೆ: ತುಮಕೂರಿನ ನಮ್ಮ ಗೇಮಿಂಗ್ ಪಿಸಿ ಎಲ್ಲಿಗೆ ಬಂತು

ಎಸ್‌ಎಂಪಿಎಸ್, ಅಂದರೆ ಪಿಸಿಗೆ ಕರೆಂಟ್ ಹಂಚುವ ಪವರ್ ಸಪ್ಲೈ, ಬಂತು. ಪ್ರೊಸೆಸರ್, ಮದರ್‌ಬೋರ್ಡ್, ಕ್ಯಾಬಿನೆಟ್ ಮೊದಲೇ ಮನೆ ಸೇರಿದ್ದವು. ರ‍್ಯಾಮ್ ಒಂದು ಸ್ಟಿಕ್ ಇದೆ, ಇನ್ನೊಂದು ಬಾಕಿ. ಆಟದ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಜಾಗದಲ್ಲಿ ಸದ್ಯಕ್ಕೆ ಹಳೇ ಜಿಟಿಎಕ್ಸ್ 1650 ಕೂತಿದೆ. ಅಕ್ಕನ ಮಗನ ತಕರಾರು ಇದೇ: "ಮಾಮ, ಡಬ್ಬಕ್ಕೂ ಪವರ್‌ಗೂ ಇಷ್ಟು ದುಡ್ಡು ಸುರಿದು ಕಾರ್ಡ್ ಮಾತ್ರ 2019ರದ್ದಾ?"

ಹೌದು, ಬೇಕಂತಲೇ. ಮುಂದೆ ಮಹಡಿ ಏಳಿಸೋ ಯೋಚನೆ ಇರುವವರು ಪಿಲ್ಲರ್ ಕಂಬಿ ಮೇಲಕ್ಕೆ ಬಿಟ್ಟಿರುತ್ತಾರಲ್ಲ, ನಮ್ಮದೂ ಅದೇ ಲೆಕ್ಕ. ಮೊದಲು ಹಳತಾಗುವುದು, ಮೊದಲು ಬದಲಾಗುವುದು ಕಾರ್ಡ್. ಅದನ್ನು ಹೊರಬೇಕಾದ ಭಾಗಗಳು ಮಾತ್ರ ಒಮ್ಮೆ ಕೂತರೆ ವರ್ಷಗಟ್ಟಲೆ ಅಲ್ಲೇ ಇರಬೇಕು. ಹಾಗಾಗಿ ಮೊದಲ ಸುತ್ತಿನ ದುಡ್ಡೆಲ್ಲ ಅವುಗಳಿಗೇ ಹೋಯಿತು.

ಹೆಚ್ಚು ತಲೆ ಕೆಡಿಸಿಕೊಂಡದ್ದು ಪ್ರೊಸೆಸರ್ ವಿಷಯಕ್ಕೆ. ಇಲ್ಲೇ ಊರಿನ ಅಂಗಡಿಯಲ್ಲಿ ವಿಚಾರಿಸಿದಾಗ ಅವರು ಹೇಳಿದ್ದು: "ಸದ್ಯಕ್ಕೆ ಕಾರ್ಡೇ ಬೇಡ ಸಾರ್. ರೈಜನ್ 5 8600ಜಿ ಹಾಕ್ಸಿ, ಅದರೊಳಗಿರೋ ಗ್ರಾಫಿಕ್ಸಲ್ಲೇ ಆಟ ಓಡುತ್ತೆ. ಆಮೇಲೆ ಬೇಕಾದ್ರೆ ಕಾರ್ಡ್ ಹಾಕ್ಕೊಂಡ್ರಾಯ್ತು." ಕಾರ್ಡ್ ಗೋಜಿಗೇ ಹೋಗದವರಿಗೆ ಇದು ಒಳ್ಳೆಯ ಸಲಹೆ. ನಮಗೆ ಹೊಂದುವುದಿಲ್ಲ. 8600ಜಿಯಿಂದ ಕಾರ್ಡ್‌ನ ಸ್ಲಾಟ್‌ಗೆ ಸಿಗುವುದು ಪಿಸಿಐಇ 4.0ರ (ಕಾರ್ಡ್‌ಗೂ ಪ್ರೊಸೆಸರ್‌ಗೂ ನಡುವಿನ ಡೇಟಾ ದಾರಿ) ಎಂಟೇ ಲೇನ್, ಎಲ್3 ಕ್ಯಾಷ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) 16 ಎಂಬಿ. 8500ಜಿಗೆ ಇಳಿದರಂತೂ ನಾಲ್ಕೇ ಲೇನ್. ನಾವು ತಗೊಂಡ ರೈಜನ್ 5 7600ರಲ್ಲಿ ಹದಿನಾರು ಲೇನ್, 32 ಎಂಬಿ ಕ್ಯಾಷ್. ಆರು ಕೋರ್, ಹನ್ನೆರಡು ಥ್ರೆಡ್ 8600ಜಿ, 7600 ಎರಡರಲ್ಲೂ ಒಂದೇ. ಹೆಸರಿನಲ್ಲಿ ನಂಬರ್ ದೊಡ್ಡದಿದ್ದರೆ ಚಿಪ್ಪೂ ದೊಡ್ಡದು ಎಂದುಕೊಳ್ಳುವವರು ಈ ಜಾಗದಲ್ಲಿ ಒಂದು ನಿಮಿಷ ನಿಲ್ಲಬೇಕು.

ಲೇನ್ ಯಾಕೆ ಮುಖ್ಯ ಅನ್ನುವುದನ್ನು ಅಕ್ಕನ ಮಗನಿಗೆ ವಿವರಿಸಿದ್ದು ಹೀಗೆ. ಕಾರ್ಡ್‌ನ ಸ್ವಂತ ಮೆಮೊರಿಯಲ್ಲಿ ಆಟದ ಟೆಕ್ಸ್‌ಚರ್‌ಗಳೆಲ್ಲ (ವಸ್ತುಗಳ ಮೇಲ್ಮೈ ಚಿತ್ರಗಳು) ಹಿಡಿಸಿದರೆ ಲೇನ್ ಕಡಿಮೆ ಇದ್ದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಮೆಮೊರಿ ತುಂಬಿತೋ, ಉಳಿದದ್ದನ್ನು ಸಿಸ್ಟಂ ರ‍್ಯಾಮ್‌ನಿಂದ ಸ್ಲಾಟ್ ಮೂಲಕವೇ ಎಳೆಯಬೇಕು. ಪಿಸಿಐಇ 4.0ರಲ್ಲಿ ಒಂದು ಲೇನ್‌ಗೆ ಸೆಕೆಂಡಿಗೆ ಸುಮಾರು 2 ಜಿಬಿ ಹರಿಯುತ್ತದೆ, 3.0ರಲ್ಲಿ ಅದರ ಅರ್ಧ. 2022ರಲ್ಲಿ ಬಂದ ಆರ್‌ಎಕ್ಸ್ 6500 ಎಕ್ಸ್‌ಟಿಗೆ ಇದ್ದದ್ದು 4 ಜಿಬಿ ಮೆಮೊರಿ, ನಾಲ್ಕು ಲೇನ್. ಪಿಸಿಐಇ 3.0 ಬೋರ್ಡ್‌ಗೆ ಹಾಕಿದವರಿಗೆ ಸೆಕೆಂಡಿಗೆ 4 ಜಿಬಿ ದಾರಿ ಅಷ್ಟೇ, ಎಷ್ಟೋ ಆಟಗಳು ಅಲ್ಲೇ ಮುಗ್ಗರಿಸುತ್ತಿದ್ದವು. ಹೊಸ ಕಾರ್ಡ್‌ಗಳಲ್ಲೂ ಈ ಕತ್ತರಿ ಇದೆ: ಆರ್‌ಟಿಎಕ್ಸ್ 4060, 5060 ಟಿಐ ಎರಡೂ ಎಂಟು ಲೇನ್‌ನವು. ಆರ್‌ಎಕ್ಸ್ 9060 ಎಕ್ಸ್‌ಟಿ ಹದಿನಾರರದ್ದು. ನಾಳೆ ಯಾವುದನ್ನೇ ತಂದರೂ ನಮ್ಮ ಕಡೆಯಿಂದ ದಾರಿ ಕಿರಿದಾಗಬಾರದು.

ಇನ್ನೂ ಕಡಿಮೆ ಬೆಲೆಗೆ 7500ಎಫ್ ಇತ್ತು. ಆದರೆ ಅದರಲ್ಲಿ ಡಿಸ್‌ಪ್ಲೇ ಕೊಡುವ ಗ್ರಾಫಿಕ್ಸೇ ಇಲ್ಲ. 7600ರ ಒಳಗೆ ಇರುವುದು ತೀರ ಚಿಕ್ಕದು, ದೊಡ್ಡ ಆಟಕ್ಕೆ ಬರುವುದಿಲ್ಲ, ಮಾನಿಟರ್ ಬೆಳಗಿಸುವುದಕ್ಕೆ ಧಾರಾಳ. ಹಳೇ ಕಾರ್ಡ್ ಮಾರಿ ಹೊಸದು ಬರುವ ತನಕ ಪಿಸಿ ಮೂಲೆಗೆ ಬೀಳಬಾರದು. ಕಾರ್ಡ್ ಕೈಕೊಟ್ಟು ವಾರಂಟಿಗೆ ಬೆಂಗಳೂರಿಗೆ ಹೋದರೂ ಅಷ್ಟೇ. ಆ ದಿನಗಳಿಗಾಗಿ ಕೊಟ್ಟ ಹೆಚ್ಚುವರಿ ದುಡ್ಡು ನನಗೆ ಭಾರ ಅನ್ನಿಸಲಿಲ್ಲ.

ಖರೀದಿ ನಡೆದದ್ದು ಎರಡು ಕಡೆ. ಪ್ರೊಸೆಸರ್ ಮತ್ತು ಬೋರ್ಡ್ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ. ಬೆಳಗಿನ ರೈಲಿಗೆ ಹೋದರೆ ಮಧ್ಯಾಹ್ನಕ್ಕೆ ಮುಗಿಯುವ ಕೆಲಸ. ಅಲ್ಲಿ ಕೇಳಲೇಬೇಕಾದ ಮಾತು: "ಬಾಕ್ಸ್ ಪೀಸಾ, ಟ್ರೇ ಪೀಸಾ?" ಟ್ರೇ ಪೀಸ್ ಅಂದರೆ ಕಂಪನಿಯ ಡಬ್ಬವಿಲ್ಲದೆ ಬಿಡಿಯಾಗಿ ಮಾರುವ ಚಿಪ್. ಅದು ಅಗ್ಗ, ಆದರೆ ಕಂಪನಿಯ ಮೂರು ವರ್ಷದ ವಾರಂಟಿಯೂ ಇಲ್ಲ, ಡಬ್ಬದಲ್ಲಿ ಬರುವ ಕೂಲರ್ರೂ ಇಲ್ಲ. ಕ್ಯಾಬಿನೆಟ್, ಎಸ್‌ಎಂಪಿಎಸ್ ಮಾತ್ರ ಇಲ್ಲೇ ಊರಲ್ಲಿ ತಗೊಂಡೆ. ಅಷ್ಟು ದೊಡ್ಡ ಡಬ್ಬ ರೈಲಿನಲ್ಲಿ ಹೊತ್ತು ತರುವುದಕ್ಕಿಂತ ಬಿ.ಎಚ್. ರಸ್ತೆಯಿಂದ ಆಟೋದಲ್ಲಿ ತರುವುದು ಲೇಸು.

ಬೋರ್ಡ್ ಬಿ650. ಪ್ರೊಸೆಸರ್ ಕೂರುವ ಅದರ ಎಎಂ5 ಸಾಕೆಟ್ ಬಂದದ್ದು 2022ರಲ್ಲಿ, 2027ರವರೆಗಾದರೂ ಮುಂದುವರಿಸುತ್ತೇವೆ ಎಂದು ರೈಜನ್ ತಯಾರಿಸುವ ಎಎಂಡಿ ಹೇಳಿದೆ. ರೈಜನ್ 9000 ಸರಣಿಯ ಚಿಪ್ ಬಯೋಸ್ (ಬೋರ್ಡ್‌ನ ಒಳ ತಂತ್ರಾಂಶ) ಅಪ್‌ಡೇಟ್ ಮಾಡಿದರೆ ಇದರಲ್ಲೇ ಕೂರುತ್ತದೆ. ಅಲ್ಲಿಗೆ ಆ ಚಿಂತೆ ಮುಗಿಯಿತು.

ಈಗ ಎಸ್‌ಎಂಪಿಎಸ್. ಈ ಸಲದ ಮುಖ್ಯ ಸಂಗತಿ ಇದೇ. ಸದ್ಯದ 1650 ಎಳೆಯುವುದು 75 ವಾಟ್. ಅಷ್ಟನ್ನೂ ಸ್ಲಾಟ್‌ನಿಂದಲೇ ಪಡೆಯುತ್ತದೆ, ನಮ್ಮ ಪೀಸ್‌ಗೆ ಪ್ರತ್ಯೇಕ ಕೇಬಲ್ಲೇ ಇಲ್ಲ. ಇದಕ್ಕೆ 450 ವಾಟ್ ಸಪ್ಲೈ ಮಿಕ್ಕಿ ಉಳಿಯುತ್ತಿತ್ತು. ನಾನು ಹಾಕಿದ್ದು 750 ವಾಟ್, ಗೋಲ್ಡ್ (ಕರೆಂಟ್ ಪೋಲು ಕಡಿಮೆ ಎನ್ನುವ ದರ್ಜೆ), ಎಟಿಎಕ್ಸ್ 3.1 (ಸಪ್ಲೈಗಳ ಮಾನದಂಡ). ಲೆಕ್ಕ ಮಾಡಿದ್ದು ನಾಳೆಯ ಕಾರ್ಡ್ ಇಟ್ಟುಕೊಂಡು: 9060 ಎಕ್ಸ್‌ಟಿ 16 ಜಿಬಿಗೆ 160 ವಾಟ್, 5070ಗೆ 250, 9070 ಎಕ್ಸ್‌ಟಿಗೆ 304. ಕೊನೆಯದಕ್ಕೆ ಎಎಂಡಿಯೇ 750 ವಾಟ್ ಸಪ್ಲೈ ಸೂಚಿಸುತ್ತದೆ. 7600 ಬೆವರು ಸುರಿಸಿದರೂ 88 ವಾಟ್ ಮೀರುವುದಿಲ್ಲ. ಒಟ್ಟು ನಾನೂರರ ಆಸುಪಾಸು ಆಗುತ್ತದಲ್ಲ, 550 ಸಾಲದೇ ಎಂದರೆ ಸಾಲದು. ಕಾರ್ಡ್‌ಗಳು ಕ್ಷಣಮಾತ್ರ ತಮ್ಮ ಅಂಕಿಗಿಂತ ಬಹಳ ಮೇಲಕ್ಕೆ ನೆಗೆಯುತ್ತವೆ. ಹಳೇ ಸಪ್ಲೈಗಳು ಅದನ್ನು ಓವರ್‌ಲೋಡ್ ಎಂದುಕೊಂಡು ಆಟದ ಮಧ್ಯೆ ಪಿಸಿಯನ್ನೇ ಆರಿಸಿಬಿಡುತ್ತಿದ್ದವು. ಎಟಿಎಕ್ಸ್ 3.0ರಿಂದ ಈಚಿನವು 100 ಮೈಕ್ರೋಸೆಕೆಂಡ್ ಮಟ್ಟಿಗೆ ತಮ್ಮ ಸಾಮರ್ಥ್ಯದ ಎರಡರಷ್ಟನ್ನು ತಡೆದುಕೊಳ್ಳಬೇಕು ಅನ್ನುವುದು ನಿಯಮ.

ಕೇಬಲ್‌ಗಳನ್ನು ಬಿಚ್ಚಿ ಹಾಸಿಗೆ ಮೇಲೆ ಹರಡಿ ನೋಡಿದೆವು. ಎಂಟು ಪಿನ್ನಿನವು ಬೇರೆ ಬೇರೆಯಾಗಿವೆ, ಒಂದಕ್ಕೆ 150 ವಾಟ್ ಲೆಕ್ಕ. ಎನ್‌ವಿಡಿಯಾದ ದೊಡ್ಡ ಕಾರ್ಡ್‌ಗಳಿಗೆ ಬೇಕಾಗುವ 12ವಿ-2x6 ಎಂಬ ಪವರ್ ಕೇಬಲ್ ಕೂಡ ಜೊತೆಗೇ ಬಂದಿದೆ. ಈಗ ಬಳಸದ ಕೇಬಲ್‌ಗಳನ್ನೆಲ್ಲ ಒಂದು ಕವರ್‌ಗೆ ಹಾಕಿ ಮೇಲೆ ಎಸ್‌ಎಂಪಿಎಸ್ ಮಾಡೆಲ್ ಬರೆದು ಅಂಟಿಸಿದ್ದೇನೆ. ಮಾಡ್ಯುಲರ್ (ಸಪ್ಲೈನಿಂದ ಬಿಚ್ಚಿ ತೆಗೆಯಬಹುದಾದ) ಕೇಬಲ್‌ಗಳು ನೋಡಲು ಒಂದೇ ಥರ ಇದ್ದರೂ ಸಪ್ಲೈ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಅದಲುಬದಲಾದರೆ ಕಾರ್ಡ್ ಸುಟ್ಟೀತು.

ಸಪ್ಲೈ ಎಷ್ಟೇ ಒಳ್ಳೆಯದಿರಲಿ, ಗೋಡೆಯ ಪ್ಲಗ್ ಸರಿ ಇರಬೇಕು. ಕ್ಯಾಬಿನೆಟ್‌ನ ಹಿಂಬದಿ ತಗಡಿಗೆ ಬೆರಳು ತಾಗಿದರೆ ಜುಮ್ ಅನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಅಣ್ಣ ಮಲ್ಟಿಮೀಟರ್ ಹಿಡಿದು ನೋಡಿದರು. ಫೇಸ್-ನ್ಯೂಟ್ರಲ್ ನಡುವೆ 230ರ ಹತ್ತಿರ, ಸರಿ. ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್ ಇರಬೇಕಾದಲ್ಲಿ ಮೀಟರ್ 40 ದಾಟಿ ಓಲಾಡುತ್ತಿತ್ತು. "ಅರ್ಥ್ ಇಲ್ವೇ ಇಲ್ಲ ಸ್ವಾಮಿ ಇದ್ರಲ್ಲಿ" ಅಂದರು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಸೋರಿಸುವ ಅಷ್ಟಿಷ್ಟು ಕರೆಂಟ್ ನೆಲಕ್ಕೆ ಇಳಿಯಬೇಕು. ಇಳಿಯಲು ದಾರಿ ಇಲ್ಲದಿದ್ದರೆ ತಗಡಿನ ಮೇಲೇ ನಿಲ್ಲುತ್ತದೆ. ಹಿತ್ತಲಿನ ಅರ್ಥ್ ಗುಂಡಿಯ ಕ್ಲ್ಯಾಂಪ್ ತುಕ್ಕು ಹಿಡಿದು ಕಳಚಿತ್ತು. ಹೊಸ ಕ್ಲ್ಯಾಂಪ್ ಬಿಗಿದು, ಇದ್ದಿಲು ಉಪ್ಪು ತುಂಬಿ, ನೀರು ಬಿಟ್ಟ ಮೇಲೆ ಮೀಟರ್ ಎರಡಕ್ಕಿಂತ ಕೆಳಗೆ ಬಂತು. ಕಾರ್ಡ್‌ಗೆ ಹತ್ತಾರು ಸಾವಿರ ಹಾಕುವ ಮೊದಲು ಯಾರೇ ಆದರೂ ಇದೊಂದು ಪರೀಕ್ಷೆ ಮಾಡಿಸಿ, ದಯವಿಟ್ಟು. ಮನೆಯ ಇನ್ವರ್ಟರ್ ಸೈನ್ ವೇವ್‌ದು. ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದ ಮೇಲೆ ಕರೆಂಟ್ ಹೋದರೂ ಪಿಸಿ ರೀಸ್ಟಾರ್ಟ್ ಆಗುತ್ತಿಲ್ಲ. ದೊಡ್ಡ ಕಾರ್ಡ್ ಬಂದ ಮೇಲೆ ಇದನ್ನು ಮತ್ತೆ ಪೂರ್ತಿ ಲೋಡ್‌ನಲ್ಲಿ ನೋಡಬೇಕು.

ಕ್ಯಾಬಿನೆಟ್ ಬಗ್ಗೆ ಡಬ್ಬದ ಮೇಲಿನ ಅಂಕಿ ನಂಬದೆ ಟೇಪ್ ಹಿಡಿದು ಅಳೆದೆವು. ಹಿಂದಿನ ಪಟ್ಟಿಯಿಂದ ಮುಂದಿನ ಫ್ಯಾನ್‌ವರೆಗೆ 335 ಮಿಲಿಮೀಟರ್. ಮೂರು ಫ್ಯಾನಿನ ಕಾರ್ಡ್ ಕೂರುತ್ತದೆ. ಉದ್ದ ಎಲ್ಲರೂ ನೋಡುತ್ತಾರೆ, ಅಗಲ ಮರೆಯುತ್ತಾರೆ. ಕಾರ್ಡ್‌ನ ಮೇಲಂಚಿನಿಂದ ಪಕ್ಕದ ಗಾಜಿಗೆ ಮೂರೂವರೆ ಸೆಂಟಿಮೀಟರ್ ಆದರೂ ಬೇಕು. ಇಲ್ಲವಾದರೆ 12ವಿ-2x6 ಕೇಬಲ್ ಬುಡದಲ್ಲೇ ಬಗ್ಗುತ್ತದೆ, ಕನೆಕ್ಟರ್ ಪೂರ್ತಿ ಕೂರದೆ ಬಿಸಿಯಾಗಿ ಕರಗುವ ಅಪಾಯ. ಮುಂಭಾಗ ಪೂರಾ ಜಾಲರಿ, ಒಳಗೆ ತೆಗೆದು ತೊಳೆಯಬಹುದಾದ ಫಿಲ್ಟರ್. ನಮ್ಮ ಕಡೆಯ ಕೆಂಪು ಧೂಳಿಗೆ, ಏಪ್ರಿಲ್ ಬಿಸಿಲಿಗೆ ಗಾಜಿನ ಮುಂಭಾಗ ಬೇಡವೇ ಬೇಡ.

ರ‍್ಯಾಮ್ ಕಥೆ ಬೇಸರದ್ದು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಡಿಡಿಆರ್5 ರ‍್ಯಾಮ್ ಬೆಲೆ ಏರಿ ಕೂತಿದೆ. ಆ ಡಿಸೆಂಬರ್‌ನಲ್ಲಿ ಮೆಮೊರಿ ಚಿಪ್ ತಯಾರಿಸುವ ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್, 6000 ವೇಗದ್ದು. ಒಂದೇ ಚಾನೆಲ್ ಆದ್ದರಿಂದ ಸ್ವಲ್ಪ ಫ್ರೇಮ್ ನಷ್ಟ ಇದೆ, 1650 ಇರುವ ತನಕ ನಡೆಯುತ್ತದೆ. ಎರಡನೆಯದು ಅದೇ ಪಾರ್ಟ್ ನಂಬರ್‌ನದ್ದೇ ಆಗಬೇಕು, ಲೇಬಲ್‌ನ ಫೋಟೋ ಫೋನಿನಲ್ಲಿದೆ.

ಮುಂದಿನ ಕಾರ್ಡ್ ಸದ್ಯಕ್ಕೆ ನನ್ನ ಮನಸ್ಸಿನಲ್ಲಿ 9060 ಎಕ್ಸ್‌ಟಿ, 16 ಜಿಬಿಯದ್ದು. ಅದೇ ಹೆಸರಿನಲ್ಲಿ 8 ಜಿಬಿಯದ್ದೂ ಮಾರುತ್ತಾರೆ, ಬಿಲ್ ಮಾಡಿಸುವಾಗ ನೋಡಿಕೊಳ್ಳಬೇಕು. ಅಕ್ಕನ ಮಗನಿಗೆ 1440ಪಿ ಮಾನಿಟರ್ ಆಸೆ. 1080ಪಿಗಿಂತ ಅದರಲ್ಲಿ ಪಿಕ್ಸೆಲ್‌ಗಳು 1.78 ಪಟ್ಟು, ಆ ಹೊರೆ ಬೀಳುವುದು ಕಾರ್ಡ್ ಮೇಲೆಯೇ. ಅವನು ಹಟ ಹಿಡಿದರೆ 9070ಗೆ ಏರಬೇಕಾಗುತ್ತದೆ, ಅದು 220 ವಾಟ್. ಎಸ್‌ಎಂಪಿಎಸ್‌ಗೂ ಕ್ಯಾಬಿನೆಟ್‌ಗೂ ಅದು ತೊಂದರೆಯಿಲ್ಲ. ಬಯೋಸ್‌ನಲ್ಲಿ ರ‍್ಯಾಮ್ ತನ್ನ ಪೂರ್ಣ ವೇಗದಲ್ಲಿ ಓಡಲು ಎಕ್ಸ್‌ಪೋ ಹಾಕಿದ್ದೇನೆ, ಕಾರ್ಡ್‌ನ ಪೂರ್ತಿ ಮೆಮೊರಿ ಪ್ರೊಸೆಸರ್‌ಗೆ ಒಮ್ಮೆಗೇ ಸಿಗುವಂತೆ ಮಾಡುವ ರೀಸೈಜಬಲ್ ಬಾರ್ ಕೂಡ ಆನ್ ಇದೆ. 1650ಗೆ ಅದರಿಂದ ಉಪಯೋಗವಿಲ್ಲ, ಹೊಸದಕ್ಕೆ ಬೇಕಾಗುತ್ತದೆ. ಎರಡನೇ ಸ್ಟಿಕ್ ಮೊದಲೋ ಕಾರ್ಡ್ ಮೊದಲೋ ಎಂಬುದನ್ನು ಯಾವುದರ ಬೆಲೆ ಮೊದಲು ಇಳಿಯುತ್ತದೋ ಅದೇ ತೀರ್ಮಾನಿಸಲಿ.